ಸಣ್ಣ ವ್ಯಾಪಾರದ ಪಾರ್ಸೆಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಅಥವಾ ಸಣ್ಣ ಘಟಕದಲ್ಲಿ ತಯಾರಾದ ವಸ್ತುಗಳನ್ನು ರಾಜ್ಯದೊಳಗೂ ಹೊರರಾಜ್ಯಗಳಿಗೂ ಕಳುಹಿಸುವವರಿಂದ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಬಹುತೇಕ ಎಲ್ಲರೂ ಕೇಳಿರುವುದು ಯಾವ ಕೊರಿಯರ್ ಅಗ್ಗ ಎಂಬುದನ್ನೇ. ಆದರೆ ಪತ್ರಗಳಲ್ಲಿರುವ ವಿವರಗಳನ್ನು ಗಮನಿಸಿದರೆ, ಹಣ ಸೋರುತ್ತಿರುವುದು ಹೆಚ್ಚಾಗಿ ಪಾರ್ಸೆಲ್ ಅಂಗಡಿಯ ಹೊಸ್ತಿಲು ದಾಟುವ ಮೊದಲೇ, ಪೆಟ್ಟಿಗೆ ಆರಿಸುವ ಹೊತ್ತಿನಲ್ಲಿ ಮತ್ತು ವಿಳಾಸ ಬರೆದುಕೊಳ್ಳುವ ಹೊತ್ತಿನಲ್ಲಿ.

ಪ್ರಶ್ನೆ: ಮಾನ್ಯರೇ, ನಾವು ಕೆಲವು ಮಹಿಳೆಯರು ಸೇರಿ ಹಲಸಿನ ಹಪ್ಪಳ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ತಯಾರಿಸಿ ಬೆಂಗಳೂರು, ಪುಣೆ, ಮುಂಬೈಗೆ ಕಳುಹಿಸುತ್ತೇವೆ. 800 ಗ್ರಾಂ ಹಪ್ಪಳದ ಪಾರ್ಸೆಲ್‌ಗೆ ಕೊರಿಯರ್‌ನವರು 3 ಕೆ.ಜಿ. ದರ ಹಾಕಿದ್ದಾರೆ. ಪೆಟ್ಟಿಗೆಯು ಕಿರಾಣಿ ಅಂಗಡಿಯಿಂದ ತಂದದ್ದು, 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರವಿದೆ. ಇದು ಮೋಸವಲ್ಲವೇ? ಉಪ್ಪಿನಕಾಯಿಯ ಎಣ್ಣೆ ಸೋರಿತೆಂಬ ದೂರುಗಳೂ ಬರುತ್ತಿವೆ. ಏನು ಮಾಡಬೇಕು? (ಶಿರಸಿಯಿಂದ)

ಉತ್ತರ: ಮೋಸವಲ್ಲ. ಕೊರಿಯರ್ ಸಂಸ್ಥೆಗಳು ಎರಡು ತೂಕಗಳನ್ನು ನೋಡುತ್ತವೆ. ಒಂದು, ತಕ್ಕಡಿ ತೋರಿಸುವ ತೂಕ. ಇನ್ನೊಂದು, ಪೆಟ್ಟಿಗೆ ಆಕ್ರಮಿಸುವ ಜಾಗವನ್ನು ತೂಕಕ್ಕೆ ಪರಿವರ್ತಿಸಿದ ವಾಲ್ಯುಮೆಟ್ರಿಕ್ ತೂಕ. ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಹಗುರವಾದ ದೊಡ್ಡ ಪೆಟ್ಟಿಗೆಗಳನ್ನೇ ತುಂಬಿದರೆ ವಾಹನವು ತನ್ನ ಭಾರದ ಮಿತಿ ತಲುಪುವ ಮೊದಲೇ ಭರ್ತಿಯಾಗಿಬಿಡುತ್ತದೆ ಎಂಬುದು ಇದಕ್ಕೆ ಕಾರಣ. ಲೆಕ್ಕ ಸರಳವಾಗಿದೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಬೇಕು. ನಿಮ್ಮ ಪೆಟ್ಟಿಗೆಗೆ 40, 30, 12 ಗುಣಿಸಿದರೆ 14,400. ಅದನ್ನು ಭಾಗಿಸಿದರೆ 2.88 ಕೆ.ಜಿ. ಬರುತ್ತದೆ. ದರಗಳು ಸಾಮಾನ್ಯವಾಗಿ ಅರ್ಧ ಕಿಲೊ ಅಥವಾ ಒಂದು ಕಿಲೊ ಹಂತಗಳಲ್ಲಿರುವುದರಿಂದ ಅದು 3 ಕೆ.ಜಿ. ಆಯಿತು. ಎಲ್ಲ ಸಂಸ್ಥೆಗಳೂ 5,000ದಿಂದಲೇ ಭಾಗಿಸುವುದಿಲ್ಲ ಎಂಬುದನ್ನೂ ತಿಳಿದಿರಿ; ರಸ್ತೆ ಸಾಗಣೆಯ ಕೆಲವು ಯೋಜನೆಗಳಲ್ಲಿ 4,500 ಅಥವಾ 4,000 ಇರುತ್ತದೆ, ಆಗ ಇದೇ ಪೆಟ್ಟಿಗೆಯ ತೂಕ ಇನ್ನೂ ಏರುತ್ತದೆ. ದರಪಟ್ಟಿ ಕೇಳುವಾಗಲೇ ಈ ಭಾಜಕ ಎಷ್ಟೆಂದು ಕೇಳಿಕೊಳ್ಳಿ.

ಈಗ ಹಪ್ಪಳದ ಅಳತೆಯಿಂದಲೇ ಶುರುಮಾಡಿ. ನಿಮ್ಮ ಹಪ್ಪಳ 18 ಸೆಂ.ಮೀ. ಅಗಲದ್ದೆಂದು ಇಟ್ಟುಕೊಂಡರೆ, ಅದನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಕಟ್ಟುಗಳಿಗೆ 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ಪೆಟ್ಟಿಗೆ ಸಾಕಾಗುತ್ತದೆ. ಇದರ ವಾಲ್ಯುಮೆಟ್ರಿಕ್ ತೂಕ 0.96 ಕೆ.ಜಿ. ಮಾತ್ರ. ರಟ್ಟಿನ ತೂಕ ಸೇರಿಸಿಯೂ ತಕ್ಕಡಿಯ ತೂಕವನ್ನು ಒಂದು ಕಿಲೊದೊಳಗೆ ನಿಲ್ಲಿಸಿಕೊಂಡರೆ ನೀವು ಕೊಡುವುದು 1 ಕೆ.ಜಿ. ದರ. ಬಿಟ್ಟಿ ಸಿಕ್ಕ ಪೆಟ್ಟಿಗೆ ಪ್ರತಿ ಪಾರ್ಸೆಲ್‌ಗೂ ಎರಡು ಕಿಲೊ ದಂಡ ಹಾಕಿಸುತ್ತಿತ್ತು ಎಂದಾಯಿತು. ರಟ್ಟಿನ ಪೆಟ್ಟಿಗೆ ತಯಾರಿಸುವವರಿಗೆ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಕನಿಷ್ಠ ಇಷ್ಟು ನಗ ಎಂಬ ಷರತ್ತು ಹಾಕುವುದುಂಟು, ಆದ್ದರಿಂದ ನಿಮ್ಮಂತಹ ಇನ್ನೊಂದೆರಡು ಗುಂಪುಗಳ ಜೊತೆ ಸೇರಿ ಒಟ್ಟಿಗೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅಳೆಯುವುದು ಪೆಟ್ಟಿಗೆಯ ಹೊರಮೈಯನ್ನು, ಅದೂ ಉಬ್ಬಿದ ಜಾಗದಲ್ಲಿ ಎಂಬುದನ್ನು ಮರೆಯಬೇಡಿ. ಬಿಗಿಯಾದ ಪೆಟ್ಟಿಗೆಯಿಂದ ಇನ್ನೊಂದು ಅನುಕೂಲವಿದೆ: ಒಳಗೆ ಖಾಲಿ ಜಾಗವಿದ್ದಷ್ಟೂ ಹಪ್ಪಳ ಕುಲುಕಾಡಿ ಅಂಚು ಮುರಿಯುತ್ತದೆ, ಅದು ಕಡಿಮೆಯಾಗುತ್ತದೆ.

ಪಾರ್ಸೆಲ್ ಮುಚ್ಚಿದ ಮೇಲೆ ಅದನ್ನು ತಕ್ಕಡಿಯ ಮೇಲಿಟ್ಟು ಒಂದು ಫೋಟೊ, ಮೂರು ಬದಿಗೂ ಟೇಪು ಹಿಡಿದು ಮೂರು ಫೋಟೊ ತೆಗೆದು, ಲೇಬಲ್ಲಿನ ಡಾಕೆಟ್ ಸಂಖ್ಯೆ (ಪಾರ್ಸೆಲ್ಲಿನ ಗುರುತಿನ ಸಂಖ್ಯೆ) ಕಾಣುವಂತೆ ಇಟ್ಟುಕೊಳ್ಳಿ. ಕೊರಿಯರ್ ಹಬ್‌ಗಳಲ್ಲಿ ಯಂತ್ರವೇ ಅಳತೆ ಮಾಡುತ್ತದೆ. ಪಕ್ಕದ ಪಾರ್ಸೆಲ್ ತಾಗಿಕೊಂಡು ಬಂದರೂ ಅಳತೆ ಹೆಚ್ಚಾಗಿ ದಾಖಲಾಗಬಹುದು. ಅಂತಹ ವ್ಯತ್ಯಾಸವನ್ನು ಪ್ರಶ್ನಿಸಲು ನಿಗದಿತ ದಿನಗಳ ಗಡುವಿರುತ್ತದೆ. ಗಡುವು ದಾಟಿದರೆ ಹಣ ಹೋದಂತೆಯೇ.

ಉಪ್ಪಿನಕಾಯಿಯ ವಿಷಯ ಬೇರೆ. ಗಾಜಿನ ಬಾಟಲಿ ಮೇಜಿನ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಅದರ ತೂಕಕ್ಕೂ ನೀವು ಸಾಗಣೆ ದರ ಕೊಡುತ್ತೀರಿ, ಒಡೆದರೆ ಪಕ್ಕದವರ ಪಾರ್ಸೆಲ್‌ಗೂ ಉತ್ತರ ಹೇಳಬೇಕಾಗುತ್ತದೆ. ದೂರದೂರಿಗೆ ಆಹಾರ ದರ್ಜೆಯ ಪೆಟ್ ಪ್ಲಾಸ್ಟಿಕ್ ಜಾರ್ ಸಾಕು. ಅದರ ಬಾಯಿಗೆ ಇಂಡಕ್ಷನ್ ಸೀಲ್ (ಬಿಸಿಯಿಂದ ಅಂಟಿಕೊಳ್ಳುವ ತೆಳು ಹಾಳೆಯ ಮುಚ್ಚಿಗೆ) ಹಾಕಿಸಿ. ಕೈಯಲ್ಲಿ ಹಿಡಿದು ಒತ್ತುವ ಸಣ್ಣ ಯಂತ್ರಗಳು ಈಗ ಸಿಗುತ್ತವೆ. ಜಾರನ್ನು ಕಂಠದವರೆಗೆ ತುಂಬದೆ ಮೇಲೆ ಸ್ವಲ್ಪ ಜಾಗ ಬಿಡಿ, ಏಕೆಂದರೆ ಬೇಸಿಗೆಯಲ್ಲಿ ವ್ಯಾನಿನೊಳಗಿನ ಬಿಸಿಗೆ ಎಣ್ಣೆ ಹಿಗ್ಗುತ್ತದೆ. ಮುಚ್ಚಳದ ಸುತ್ತ ಟೇಪು ಸುತ್ತಿ, ಪ್ರತಿ ಜಾರನ್ನೂ ಪ್ರತ್ಯೇಕ ಜಿಪ್ ಚೀಲಕ್ಕೆ ಹಾಕಿ, ಐದು ಪದರದ ರಟ್ಟಿನ ಪೆಟ್ಟಿಗೆಯಲ್ಲಿ ನಡುವೆ ರಟ್ಟಿನ ಅಡ್ಡಗೋಡೆ ಇಟ್ಟು ಜೋಡಿಸಿ. ಸೀಲ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಒಂದು ಜಾರನ್ನು ಹಳೆಯ ಪತ್ರಿಕೆಯ ಮೇಲೆ ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸಿ, ಬೆಳಿಗ್ಗೆ ಕಾಗದದ ಮೇಲೆ ಎಣ್ಣೆಯ ಕಲೆ ಇದೆಯೇ ನೋಡಿ. 'ಈ ಬದಿ ಮೇಲೆ' ಎಂಬ ಚೀಟಿಯನ್ನು ಅಂಟಿಸುವುದಾದರೆ ಅಂಟಿಸಿ, ಆದರೆ ಅದನ್ನು ನಂಬಬೇಡಿ. ಕನ್ವೇಯರ್ ಬೆಲ್ಟಿಗೆ ಓದು ಬರುವುದಿಲ್ಲ. ಹಪ್ಪಳ ಮತ್ತು ಉಪ್ಪಿನಕಾಯಿಯನ್ನು ಒಂದೇ ಪೆಟ್ಟಿಗೆಯಲ್ಲಿ ಕಳುಹಿಸದಿರುವುದು ಕ್ಷೇಮ. ಎಣ್ಣೆ ಪದಾರ್ಥಗಳು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿಂತುಬಿಡುವ ಸಾಧ್ಯತೆ ಇರುವುದರಿಂದ ರಸ್ತೆ ಸಾಗಣೆಯನ್ನೇ ಆರಿಸಿ. ಆಹಾರ ಪೊಟ್ಟಣಗಳ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ನೀಡುವ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ, 2011ರ ಪೊಟ್ಟಣ ಸರಕುಗಳ ನಿಯಮದಂತೆ ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು ಮತ್ತು ವರ್ಷ, ದೂರಿಗೆ ಸಂಪರ್ಕಿಸಬೇಕಾದ ಸಂಖ್ಯೆಯೂ ಇರಬೇಕು.

ಪ್ರಶ್ನೆ: ನೇಕಾರರಿಂದ ಇಳಕಲ್ ಸೀರೆ ಕೊಂಡು ವಾಟ್ಸ್ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂಲಕ ಮಾರುತ್ತೇನೆ. ಕ್ಯಾಶ್ ಆನ್ ಡೆಲಿವರಿ ಇಲ್ಲವೆಂದರೆ ಗಿರಾಕಿಗಳು ಬರುವುದಿಲ್ಲ, ಇದೆಯೆಂದರೆ ಹತ್ತರಲ್ಲಿ ಮೂರು ಪಾರ್ಸೆಲ್ ಮರಳಿ ಬರುತ್ತವೆ. ಸಾಗಣೆ ದರವನ್ನು ಬೆಲೆಯಲ್ಲೇ ಸೇರಿಸಿ 'ಉಚಿತ ಸಾಗಣೆ' ಎಂದು ಹಾಕಲೇ? (ಬಾಗಲಕೋಟೆ ಜಿಲ್ಲೆಯಿಂದ)

ಉತ್ತರ: ಮೊದಲು ಮರಳಿ ಬರುವ ಪಾರ್ಸೆಲ್‌ಗಳ ನಿಜವಾದ ಬೆಲೆ ಎಷ್ಟೆಂದು ನೋಡೋಣ. ಲೆಕ್ಕಕ್ಕಾಗಿ, ಹೋಗುವ ದರ 80 ರೂಪಾಯಿ, ಮರಳಿ ಬರುವ ದರವೂ 80 ರೂಪಾಯಿ, ತಲುಪಿದ ಪ್ರತಿ ಪಾರ್ಸೆಲ್‌ನ ಹಣ ವಸೂಲಿಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಕಳುಹಿಸಲು 800, ಮೂರು ಮರಳಲು 240, ಏಳರ ವಸೂಲಿಗೆ 280. ಒಟ್ಟು 1,320 ರೂಪಾಯಿ. ಮಾರಾಟವಾದದ್ದು ಏಳು ಸೀರೆ ಮಾತ್ರ, ಹಾಗಾಗಿ ಒಂದೊಂದರ ಸಾಗಣೆಗೆ ಬಿದ್ದದ್ದು ಸುಮಾರು 189 ರೂಪಾಯಿ. 80 ರೂಪಾಯಿ ಎಂದುಕೊಂಡು ಬೆಲೆ ಕಟ್ಟಿದವರ ಲಾಭ ಎಲ್ಲಿಗೆ ಹೋಯಿತೆಂದು ಇಲ್ಲಿ ಕಾಣುತ್ತದೆ. ಮರಳುವುದು ಹತ್ತರಲ್ಲಿ ಒಂದಕ್ಕೆ ಇಳಿದರೆ ಇದೇ ಲೆಕ್ಕ 138 ರೂಪಾಯಿಗೆ ಬರುತ್ತದೆ. ಇನ್ನೊಂದು ಕೊರಿಯರ್ ಜೊತೆ ಐದು ರೂಪಾಯಿಗಾಗಿ ಚೌಕಾಶಿ ಮಾಡುವುದಕ್ಕಿಂತ ಇದರಲ್ಲಿ ಉಳಿತಾಯ ಹೆಚ್ಚು. ಜೊತೆಗೆ, ವಸೂಲಾದ ಹಣ ನಿಮ್ಮ ಖಾತೆಗೆ ಬರಲು ಹಿಡಿಯುವ ದಿನಗಳಲ್ಲಿ ಮತ್ತು ಸೀರೆ ದಾರಿಯಲ್ಲೇ ಅಲೆಯುವ ದಿನಗಳಲ್ಲಿ ಬಂಡವಾಳ ಕಟ್ಟಿಬೀಳುತ್ತದೆ. ನೇಕಾರರಿಗೆ ಕೊಡಬೇಕಾದ ಹಣವಂತೂ ಕಾಯುವುದಿಲ್ಲ.

ಕ್ಯಾಶ್ ಆನ್ ಡೆಲಿವರಿಯನ್ನು ಪೂರ್ತಿ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. 100 ಅಥವಾ 200 ರೂಪಾಯಿಯನ್ನು ಯುಪಿಐ ಮೂಲಕ ಮುಂಗಡವಾಗಿ ತೆಗೆದುಕೊಂಡು ಉಳಿದದ್ದನ್ನು ಬಾಗಿಲಲ್ಲಿ ಕೊಡಿ ಎನ್ನಿ. ಸುಮ್ಮನೆ ಆರ್ಡರ್ ಮಾಡುವವರು ಅಲ್ಲಿಯೇ ಹಿಂದೆ ಸರಿಯುತ್ತಾರೆ. ಸೀರೆ ಬೇಕಾದವರು ಕೊಡುತ್ತಾರೆ. ಪಾರ್ಸೆಲ್ ಕಟ್ಟುವ ಮೊದಲು ಒಂದು ಕರೆ ಮಾಡಿ ವಿಳಾಸವನ್ನು ನೀವೇ ಓದಿ ಹೇಳಿ. ಹೊಸಹಳ್ಳಿ, ರಾಂಪುರ ಎಂಬ ಹೆಸರಿನ ಊರುಗಳು ಹತ್ತಾರು ಇರುವ ನಾಡು ನಮ್ಮದು. ಹೋಬಳಿ, ತಾಲ್ಲೂಕು, ಗುರುತಿನ ಅಂಗಡಿಯೋ ಗುಡಿಯೋ, ಎರಡನೆಯ ಮೊಬೈಲ್ ಸಂಖ್ಯೆ, ಇವಿಷ್ಟೂ ಲೇಬಲ್ಲಿನ ಮೇಲೆ ಇರಲಿ. ಪಿನ್‌ಕೋಡನ್ನು ಪರೀಕ್ಷಿಸುವುದು ಕಷ್ಟವಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳ ವ್ಯವಸ್ಥೆಯಲ್ಲಿ ಕರ್ನಾಟಕದ ಪಿನ್‌ಗಳು 56ರಿಂದ 59ರೊಳಗೆ ಆರಂಭವಾಗುತ್ತವೆ, ಮೂರನೆಯ ಅಂಕಿ ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತದೆ. ನಿಮ್ಮ ಜಿಲ್ಲೆಯ 587, ಕಲಬುರಗಿಯ 585 ನಿಮಗೆ ಪರಿಚಿತವಾಗಿರಲೇಬೇಕು. ಗಿರಾಕಿ ಕಲಬುರಗಿ ಎಂದು ಬರೆದು 577 ಎಂದು ಪಿನ್ ಕೊಟ್ಟಿದ್ದರೆ ಎಲ್ಲೋ ತಪ್ಪಿದೆ ಎಂದು ಲೇಬಲ್ ಮುದ್ರಿಸುವ ಮೊದಲೇ ಗೊತ್ತಾಗುತ್ತದೆ.

ಪಾರ್ಸೆಲ್ ಹೊರಟ ಮೇಲೂ ಕೆಲಸ ಮುಗಿಯುವುದಿಲ್ಲ. 'ಗ್ರಾಹಕರು ಸಿಗಲಿಲ್ಲ', 'ಫೋನ್ ಎತ್ತಲಿಲ್ಲ' ಎಂಬ ಷರಾ ಟ್ರ್ಯಾಕಿಂಗ್‌ನಲ್ಲಿ ಕಂಡ ದಿನವೇ ಗಿರಾಕಿಗೆ ಕರೆ ಮಾಡಿ, ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆಂದು ಕೇಳಿ, ಮತ್ತೆ ತಲುಪಿಸಲು ಕೊರಿಯರ್‌ಗೆ ಸೂಚನೆ ಹಾಕಬೇಕು. ಮರಳುವ ಪಾರ್ಸೆಲ್‌ಗಳಲ್ಲಿ ಒಂದು ಪಾಲು ಬೇಡವೆಂದು ಮರಳಿದವಲ್ಲ, ಯಾರೂ ವಿಚಾರಿಸದೆ ಮರಳಿದವು. ಬಣ್ಣ ಬೇರೆ ಬಂತೆಂದು ಹಿಂದಿರುಗಿಸುವುದನ್ನು ತಡೆಯಲು ಸೆರಗು ಮತ್ತು ದಡಿಯ ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆದು ಮೊದಲೇ ಕಳುಹಿಸಿ. ಸೀರೆಗೆ ರಟ್ಟಿನ ಪೆಟ್ಟಿಗೆ ಬೇಡ. ಒಳಗೊಂದು ನೀರು ಹಿಡಿಯದ ಕವರ್, ಹೊರಗೊಂದು ಹರಿದರೆ ಗೊತ್ತಾಗುವ ಕೊರಿಯರ್ ಕವರ್ ಇದ್ದರೆ ತೂಕವೂ ಕಡಿಮೆ, ಅಳತೆಯೂ ಕಡಿಮೆ.

'ಉಚಿತ ಸಾಗಣೆ'ಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಒಂದು ಸೀರೆಗೆ ಸಾಗಣೆ ದರವನ್ನು ಪ್ರತ್ಯೇಕವಾಗಿ ತೋರಿಸಿ, ಎರಡು ಅಥವಾ ಹೆಚ್ಚು ಕೊಂಡವರಿಗೆ ಮಾತ್ರ ಬಿಡುವುದು ನ್ಯಾಯ. ಎರಡನೆಯ ಸೀರೆ ಸೇರಿಸಿದರೆ ಸಾಗಣೆ ದರ ಇಮ್ಮಡಿಯಾಗುವುದಿಲ್ಲ, ಆ ಉಳಿತಾಯದಿಂದಲೇ ನೀವು ರಿಯಾಯಿತಿ ಕೊಡಬಹುದು.

ಪ್ರಶ್ನೆ: ಚನ್ನಪಟ್ಟಣದಲ್ಲಿ ಮರದ ಆಟಿಕೆ ತಯಾರಿಸುತ್ತೇವೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಿಂತ ಬಹಳ ಕಡಿಮೆ. ಚೆನ್ನೈ ಮತ್ತು ದೆಹಲಿಗೆ ಕಳುಹಿಸಲು ಜಿಎಸ್‌ಟಿ ಸಂಖ್ಯೆ ಬೇಕೇ ಬೇಕು ಎಂದು ಒಬ್ಬರು, ಬೇಡ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಇ-ವೇ ಬಿಲ್ ಬೇಕೇ? (ಚನ್ನಪಟ್ಟಣದಿಂದ)

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಸರಕನ್ನು ಹೊರರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಮಾಡಿಸಬೇಕೆಂಬುದು ಸಾಮಾನ್ಯ ನಿಯಮ. ರಾಜ್ಯದೊಳಗಿನ ಮಾರಾಟಕ್ಕಿರುವ 40 ಲಕ್ಷದ ಮಿತಿ ಇಲ್ಲಿ ನೆರವಿಗೆ ಬರುವುದಿಲ್ಲ. ಆದರೆ ಕರಕುಶಲ ವಸ್ತುಗಳಿಗೆ ಒಂದು ವಿನಾಯಿತಿ ಇದೆ: ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳನ್ನು ಮಾರುವವರ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿ ಕಡ್ಡಾಯವಲ್ಲ. ಇದಕ್ಕೆ ಎರಡು ಷರತ್ತುಗಳಿವೆ. ಪ್ಯಾನ್ ಇರಬೇಕು, ಮತ್ತು ಇ-ವೇ ಬಿಲ್ (ಸರಕು ಸಾಗಿಸುವ ಮೊದಲು ಆನ್‌ಲೈನ್‌ನಲ್ಲಿ ಮಾಡುವ ಸಾಗಣೆ ಪತ್ರ) ಮಾಡಿರಬೇಕು. ಸಾಮಾನ್ಯ ಸರಕಿಗೆ ಮೌಲ್ಯ 50,000 ರೂಪಾಯಿ ದಾಟಿದಾಗ ಮಾತ್ರ ಬೇಕಾಗುವ ಇ-ವೇ ಬಿಲ್, ಈ ವಿನಾಯಿತಿ ಪಡೆದ ಕರಕುಶಲದವರು ಹೊರರಾಜ್ಯಕ್ಕೆ ಕಳುಹಿಸುವಾಗ ಮೌಲ್ಯ ಎಷ್ಟೇ ಇದ್ದರೂ ಬೇಕು. ಐನೂರು ರೂಪಾಯಿಯ ಬುಗುರಿ ಪೊಟ್ಟಣಕ್ಕೂ ಇದು ಅನ್ವಯಿಸುತ್ತದೆ ಎಂಬುದನ್ನು ಕೇಳಿದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ.

ಹೀಗಾಗಿ ದಿನವೂ ಹೊರರಾಜ್ಯಕ್ಕೆ ಸಣ್ಣ ಪೊಟ್ಟಣಗಳನ್ನು ಕಳುಹಿಸುವವರಿಗೆ ಸ್ವಇಚ್ಛೆಯಿಂದ ನೋಂದಣಿ ಮಾಡಿಸಿ ನಿಯಮಿತವಾಗಿ ರಿಟರ್ನ್ ಸಲ್ಲಿಸುವುದೇ ಸುಲಭವಾಗಬಹುದು. ನೋಂದಣಿ ಮಾಡಿಸುವಾಗ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯನ್ನು ಆರಿಸಬೇಡಿ, ಅದರಲ್ಲಿ ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಅಪರೂಪಕ್ಕೆ ಕಳುಹಿಸುವವರಿಗೆ ಅಂಚೆ ಅನುಕೂಲ, ಏಕೆಂದರೆ ಅಂಚೆ ಇಲಾಖೆ ಸಾಗಿಸುವ ಟಪಾಲು ಸಾಮಾನಿಗೆ ಇ-ವೇ ಬಿಲ್‌ನಿಂದ ವಿನಾಯಿತಿ ಇದೆ. ದೊಡ್ಡ ಆನ್‌ಲೈನ್ ಮಾರಾಟ ತಾಣಗಳ ಮೂಲಕ ಹೊರರಾಜ್ಯಕ್ಕೆ ಮಾರುವ ಯೋಚನೆ ಇದ್ದರೆ ನೋಂದಣಿ ತಪ್ಪುವುದಿಲ್ಲ. 2023ರ ಅಕ್ಟೋಬರ್‌ನಿಂದ ದೊರೆತಿರುವ ಸಡಿಲಿಕೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ನಿಮ್ಮ ಪಟ್ಟಿಯಲ್ಲಿ ಆಟಿಕೆಯ ಜೊತೆ ಬೇರೆ ಸಾಮಾನುಗಳೂ ಇದ್ದರೆ ಅವು ಕರಕುಶಲ ಪಟ್ಟಿಗೆ ಸೇರುತ್ತವೆಯೇ ಎಂದು ತೆರಿಗೆ ಸಲಹೆಗಾರರ ಬಳಿ ಖಚಿತಪಡಿಸಿಕೊಳ್ಳಿ. ಬಿಲ್ಲಿನ ಒಂದು ಪ್ರತಿ ಪೆಟ್ಟಿಗೆಯೊಳಗೂ, ಒಂದು ಪ್ರತಿ ಹೊರಗಿನ ಪಾರದರ್ಶಕ ಚೀಲದಲ್ಲೂ ಇರಲಿ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ತೋರಿಸಿ ಹಣ ಪಡೆಯುವಂತಿಲ್ಲ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಯನ್ನು 25 ಕೆ.ಜಿ. ಚೀಲಗಳಲ್ಲಿ ಬೆಂಗಳೂರು ಮತ್ತು ಮಂಗಳೂರಿನ ಅಂಗಡಿಗಳಿಗೆ ಕಳುಹಿಸುತ್ತೇನೆ. ಕೊರಿಯರ್ ದುಬಾರಿಯಾಗಿದೆ. ಲಾರಿ ಪಾರ್ಸೆಲ್‌ನಲ್ಲಿ ಕಳುಹಿಸಿದ ಒಂದು ಚೀಲ ಕಳೆದುಹೋದಾಗ ಚೀಲದ ಬೆಲೆಯ ಕಾಲು ಭಾಗವೂ ಸಿಗಲಿಲ್ಲ. ದಾರಿ ಏನು? (ಹಾವೇರಿ ಜಿಲ್ಲೆಯಿಂದ)

ಉತ್ತರ: ಒಣಮೆಣಸಿನಕಾಯಿ ಜಾಗ ತಿನ್ನುವ ಸರಕು. 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 35 ಸೆಂ.ಮೀ. ದಪ್ಪದ ಚೀಲಕ್ಕೆ ಮೇಲೆ ಹೇಳಿದ ಲೆಕ್ಕ ಹಾಕಿದರೆ ಸುಮಾರು 38 ಕೆ.ಜಿ. ಬರುತ್ತದೆ. 25 ಕೆ.ಜಿ.ಗೆ 38 ಕೆ.ಜಿ. ದರ ಕೊಡುವುದು ಯಾವ ವ್ಯಾಪಾರಕ್ಕೂ ಕಟ್ಟುವುದಿಲ್ಲ, ಹಾಗಾಗಿ ಇಂತಹ ಸರಕಿಗೆ ಲಾರಿ ಪಾರ್ಸೆಲ್ ಮತ್ತು ಬಸ್ ಪಾರ್ಸೆಲ್ಲೇ ಸರಿ. ನಮ್ಮ ರಾಜ್ಯದಲ್ಲಿ ಲಾರಿ ಪಾರ್ಸೆಲ್ ಜಾಲ ಹಳೆಯದು ಮತ್ತು ಗಟ್ಟಿಯಾದದ್ದು. 1976ರಲ್ಲಿ ಗದಗದಲ್ಲಿ ಆರಂಭವಾಗಿ ಇಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡಿರುವ ವಿಆರ್‌ಎಲ್ ಅದರ ದೊಡ್ಡ ಉದಾಹರಣೆ. ಬುಕಿಂಗ್ ಮಾಡುವಾಗ ಗೋಡೌನ್ ಡೆಲಿವರಿಯೋ ಡೋರ್ ಡೆಲಿವರಿಯೋ, ಬಾಡಿಗೆ ನೀವು ಕೊಡುವುದೋ, ಸರಕು ಪಡೆಯುವವರು ಕೊಡುವ 'ಟು ಪೇ'ಯೋ, ಎರಡೂ ಕಡೆಯ ಹಮಾಲಿ ಯಾರದು ಎಂಬುದನ್ನು ಅಂಗಡಿಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಗೋಡೌನಿನಲ್ಲಿ ಸರಕು ಹೆಚ್ಚು ದಿನ ಬಿದ್ದರೆ ಡೆಮರೇಜ್ ಎಂಬ ಶುಲ್ಕ ಕೇಳುತ್ತಾರೆ, ಜಗಳ ಶುರುವಾಗುವುದೂ ಅಲ್ಲಿಂದಲೇ.

ತುರ್ತಿನ ಒಂದೆರಡು ಚೀಲಗಳಿಗೆ ಸಾರಿಗೆ ನಿಗಮಗಳ 'ನಮ್ಮ ಕಾರ್ಗೊ' ಸೇವೆಯನ್ನು ನೋಡಿ. 2021ರ ಫೆಬ್ರುವರಿಯಲ್ಲಿ ಆರಂಭವಾದ ಈ ಸೇವೆಯಲ್ಲಿ ಸರಕು ಬಸ್ಸಿನಲ್ಲೇ ಹೋಗುತ್ತದೆ. 2023ರ ಡಿಸೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಪ್ರತ್ಯೇಕ ಲಾರಿಗಳನ್ನೂ ಇದಕ್ಕೆ ಸೇರಿಸಿತು. ರಾತ್ರಿ ಬಸ್ಸಿಗೆ ಹಾಕಿದ ಚೀಲ ಬೆಳಿಗ್ಗೆ ನಿಲ್ದಾಣ ತಲುಪಿರುತ್ತದೆ, ಆದರೆ ಅಂಗಡಿಯವರು ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳಬೇಕು. ಆ ಓಡಾಟದ ಆಟೊ ಬಾಡಿಗೆಯನ್ನೂ ಸೇರಿಸಿ ಹೋಲಿಸಿ ನೋಡಿ.

ಪರಿಹಾರದ ವಿಷಯಕ್ಕೆ ಬಂದರೆ, ನಿಮಗೆ ಆದದ್ದಕ್ಕೆ ಕಾನೂನಿನಲ್ಲಿ ಕಾರಣವಿದೆ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಕಳುಹಿಸುವವರು ಹೆಚ್ಚಿನ ಮೌಲ್ಯವನ್ನು ಬರೆದುಕೊಟ್ಟು ಅದಕ್ಕೆ ತಕ್ಕ ಹೆಚ್ಚುವರಿ ದರ ಕೊಡದಿದ್ದರೆ, ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತವಾಗುತ್ತದೆ. ಬಾಡಿಗೆ 150 ರೂಪಾಯಿಯಾದರೆ ಕಳೆದುಹೋದ ಚೀಲಕ್ಕೆ ಹೆಚ್ಚೆಂದರೆ 1,500 ರೂಪಾಯಿ. ಚೀಲದ ಬೆಲೆ ಆರು ಸಾವಿರವಿದ್ದರೂ ಅಷ್ಟೇ. ಆದ್ದರಿಂದ ಎಲ್‌ಆರ್ (ಲಾರಿ ರಸೀದಿ) ಬರೆಸುವಾಗ ಮೌಲ್ಯದ ಕಾಲಂ ಖಾಲಿ ಬಿಡಬೇಡಿ, 'ಓನರ್ಸ್ ರಿಸ್ಕ್' (ಹಾನಿಯಾದರೆ ಸರಕಿನ ಮಾಲೀಕರದ್ದೇ ಹೊಣೆ) ಎಂದು ಮುದ್ರೆ ಒತ್ತುವಾಗ ಅದರ ಬದಲು ಸಾಗಣೆದಾರರ ಹೊಣೆಯಲ್ಲಿ ಕಳುಹಿಸಲು ದರ ಎಷ್ಟೆಂದು ಕೇಳಿ. ತಿಂಗಳಿಗೆ ಹಲವಾರು ಚೀಲ ಕಳುಹಿಸುವವರಾದರೆ ವಿಮಾ ಕಂಪನಿಯಿಂದ ಸಾಗಣೆ ವಿಮೆಯ ಓಪನ್ ಪಾಲಿಸಿ (ಪ್ರತಿ ಸಲ ಬೇರೆ ವಿಮೆ ಮಾಡಿಸದೆ ಎಲ್ಲ ಸಾಗಣೆಗೂ ಅನ್ವಯಿಸುವಂಥದ್ದು) ಮಾಡಿಸುವುದು ಇನ್ನೂ ಒಳ್ಳೆಯದು. ಸರಕು ಕಾಣೆಯಾದರೆ ಫೋನಿನಲ್ಲಿ ಕೂಗಾಡಿದರೆ ಸಾಲದು. ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಮುಂದೆ ದಾವೆ ಹೂಡಲಾಗುವುದಿಲ್ಲ. ಚೀಲಗಳು ಅದಲುಬದಲಾಗದಂತೆ ಎರಡೂ ಮೈಗೆ ಅಳಿಸದ ಶಾಯಿಯಲ್ಲಿ ಅಂಗಡಿಯ ಹೆಸರು, ಊರು, ಮೊಬೈಲ್ ಸಂಖ್ಯೆ ಮತ್ತು '1/5', '2/5' ಎಂದು ಕ್ರಮಸಂಖ್ಯೆ ಬರೆಯಿರಿ. ಮಳೆಗಾಲದಲ್ಲಿ ಘಟ್ಟ ಇಳಿಯುವ ಸರಕಿಗೆ ಗೋಣಿಯೊಳಗೆ ಪ್ಲಾಸ್ಟಿಕ್ ಒಳಪದರ ಇಲ್ಲದಿದ್ದರೆ ಮೆಣಸಿನಕಾಯಿ ಥಂಡಿ ಹಿಡಿದು ಬಣ್ಣ ಕೆಡುತ್ತದೆ, ಅದಕ್ಕೆ ಯಾರೂ ಪರಿಹಾರ ಕೊಡುವುದಿಲ್ಲ.

ಪ್ರಶ್ನೆ: ತಿಂಗಳಿಗೆ ಅರವತ್ತು, ಎಪ್ಪತ್ತು ಪಾರ್ಸೆಲ್ ಕಳುಹಿಸುತ್ತೇನೆ. ಹಲವು ಕೊರಿಯರ್‌ಗಳನ್ನು ಒಂದೇ ಆ್ಯಪ್‌ನಲ್ಲಿ ಕೊಡುವ ಅಗ್ರಿಗೇಟರ್ ಒಳ್ಳೆಯದೋ, ಒಂದು ಕೊರಿಯರ್ ಜೊತೆ ನೇರ ಖಾತೆ ಒಳ್ಳೆಯದೋ? (ದಾವಣಗೆರೆಯಿಂದ)

ಉತ್ತರ: ನಿಮ್ಮ ಪ್ರಮಾಣಕ್ಕೆ ಅಗ್ರಿಗೇಟರ್ ಸಾಕು, ಏಕೆಂದರೆ ಇಷ್ಟು ಪಾರ್ಸೆಲ್‌ಗೆ ದೊಡ್ಡ ಕೊರಿಯರ್ ಸಂಸ್ಥೆಗಳು ನೇರವಾಗಿ ಒಳ್ಳೆಯ ದರ ಕೊಡುವುದು ಕಡಿಮೆ. ಆದರೆ ಪಾರ್ಸೆಲ್ ಕಳೆದುಹೋದಾಗ ನೀವು ಜಗಳವಾಡಬೇಕಾದದ್ದು ಆ್ಯಪ್‌ನವರ ಜೊತೆ, ಸಾಗಿಸಿದ ಕೊರಿಯರ್ ಜೊತೆಯಲ್ಲ ಎಂಬುದು ನೆನಪಿರಲಿ. ವ್ಯಾಲೆಟ್ಟಿಗೆ ಮೊದಲೇ ಹಣ ತುಂಬಿಸಿಕೊಳ್ಳುವುದರಿಂದ ತೂಕದ ವ್ಯತ್ಯಾಸವನ್ನು ನಿಮ್ಮನ್ನು ಕೇಳದೆಯೇ ಕಳೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಆ ಲೆಕ್ಕ ನೋಡಬೇಕು. ಜಾಹೀರಾತಿನ ದರಕ್ಕೆ ಶೇ 18 ಜಿಎಸ್‌ಟಿ ಸೇರಿದೆಯೇ, ಇಂಧನ ಸರ್‌ಚಾರ್ಜ್ ಇದೆಯೇ ಎಂದು ಕೇಳದೆ ಹೋಲಿಕೆ ಮಾಡಬೇಡಿ. ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ಸಂಖ್ಯೆಯನ್ನು ಖಾತೆಯಲ್ಲಿ ನಮೂದಿಸಿ, ಆ ತೆರಿಗೆಗೆ ಹೂಡುವಳಿ ಕ್ರೆಡಿಟ್ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ) ಸಿಗುತ್ತದೆ.

ಜೊತೆಗೆ ಅಂಚೆಯನ್ನು ಬಿಡಬೇಡಿ. ನಗರಗಳಿಗೆ ಆ್ಯಪ್‌ನ ಕೊರಿಯರ್, ಹಳ್ಳಿಗಳಿಗೆ ಸ್ಪೀಡ್ ಪೋಸ್ಟ್ ಎಂದು ಪಿನ್‌ಕೋಡ್ ನೋಡಿ ಹಂಚಿಕೊಂಡವರಿಗೆ ಮರಳುವ ಪಾರ್ಸೆಲ್‌ಗಳು ಕಡಿಮೆಯಾಗುತ್ತವೆ. ಕೊರಿಯರ್‌ನವರು ಸೇವೆ ಇಲ್ಲವೆಂದು ಬಿಡುವ, ಅಥವಾ ತಾಲ್ಲೂಕು ಕೇಂದ್ರಕ್ಕೆ ಬಂದು ತೆಗೆದುಕೊಂಡು ಹೋಗಿ ಎನ್ನುವ ಊರಿಗೂ ಅಂಚೆಯಣ್ಣ ಹೋಗುತ್ತಾರೆ, ಮನೆಯವರ ಗುರುತೂ ಅವರಿಗಿರುತ್ತದೆ. 2025ರಲ್ಲಿ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿರುವುದರಿಂದ, ಸಹಿ ಪಡೆದು ವಿಳಾಸದಾರರಿಗೇ ಕೊಡಬೇಕೆಂದಿದ್ದರೆ ಸ್ಪೀಡ್ ಪೋಸ್ಟ್‌ಗೆ ನೋಂದಣಿಯ ಹೆಚ್ಚುವರಿ ಶುಲ್ಕ ಸೇರಿಸಿ ಕೇಳಬೇಕು. ಒಟಿಪಿ ಹೇಳಿದ ಮೇಲೆಯೇ ಕೊಡುವ ಸೌಲಭ್ಯವೂ ಬಂದಿದೆ. ನಿಮ್ಮಷ್ಟು ಪಾರ್ಸೆಲ್ ಕಳುಹಿಸುವವರು ಕೌಂಟರಿನ ಸಾಲಿನಲ್ಲಿ ನಿಲ್ಲುವ ಬದಲು ಪ್ರಧಾನ ಅಂಚೆ ಕಚೇರಿಯಲ್ಲಿ ವ್ಯಾಪಾರ ಗ್ರಾಹಕರ ಒಪ್ಪಂದದ ಬಗ್ಗೆ ಮಾತಾಡಿ. ಒಪ್ಪಂದವಾದರೆ ಕ್ಯಾಶ್ ಆನ್ ಡೆಲಿವರಿಯೂ, ತಿಂಗಳ ಕೊನೆಗೆ ಒಟ್ಟಿಗೆ ಹಣ ಕಟ್ಟುವ ವ್ಯವಸ್ಥೆಯೂ ಅಲ್ಲಿ ಲಭ್ಯ. ಎಷ್ಟು ಪಾರ್ಸೆಲ್‌ಗೆ ಅವರೇ ಬಂದು ಒಯ್ಯುತ್ತಾರೆ ಎಂಬುದನ್ನು ಆಗಲೇ ಕೇಳಿ ಬರೆಸಿಕೊಳ್ಳಿ.